ಶೆಫೀಲ್ಡ್‌ಗೆ ಬಂದು ಎಂಟು ವಾರ ಆಯಿತು, ಸಂಜೆ ನಾಲ್ಕೂವರೆ ಆದಮೇಲೆ ಏನು ಮಾಡಬೇಕು ಗೊತ್ತಾಗ್ತಿಲ್ಲ

ಸಾಗರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದೆ, ಒಂದು ವರ್ಷದ ಎಂಎಸ್ಸಿ. ಊರು ಸಾಗರ, ಓದಿದ್ದು ದಾವಣಗೆರೆಯಲ್ಲಿ. ಹೊರಡುವ ಮುಂಚೆ ಏನೇನು ಮಾಡಬೇಕು ಅಂತ ದೊಡ್ಡ ಪಟ್ಟಿ ಬರೆದುಕೊಂಡಿದ್ದೆ. ಇ-ವೀಸಾ ಖಾತೆ, ಬ್ಯಾಂಕ್ ಖಾತೆ, ಸಿಮ್, ವಿದ್ಯಾರ್ಥಿಗಳು ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಮನೆ ತೆರಿಗೆ) ಕಟ್ಟಬೇಕಾಗಿಲ್ಲ ಅನ್ನುವ ಪತ್ರ, ಎಲ್ಲ ಹದಿನೈದು ದಿನದಲ್ಲೇ ಮುಗಿಯಿತು. ಪಟ್ಟಿ ಮುಗಿದ ದಿನ ಇನ್ನು ಚಿಂತೆ ಇಲ್ಲ ಅಂತ ಮನೆಗೆ ಹೇಳಿದ್ದೆ.

ಆಮೇಲೆ ಅಕ್ಟೋಬರ್ 26ಕ್ಕೆ, ಚಳಿಗಾಲಕ್ಕೆ ಅಂತ ಇಲ್ಲಿ ಪ್ರತಿ ವರ್ಷ ಮಾಡುವ ಹಾಗೆ, ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಅಲ್ಲಿಯವರೆಗೆ ಊರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ಅಂತರ ಇತ್ತು, ಈಗ ಐದೂವರೆ. ಒಂದು ಗಂಟೆಯಿಂದ ಏನು ಮಹಾ ಆಗುತ್ತದೆ ಅಂದುಕೊಂಡಿದ್ದೆ. ಕ್ಲಾಸು, ಲೈಬ್ರರಿ ಮುಗಿಸಿ ರೂಮಿಗೆ ಬಂದು ಫೋನ್ ಮಾಡುವಾಗ ಇಲ್ಲಿ ನಾಲ್ಕೂವರೆ, ಅಲ್ಲಿ ರಾತ್ರಿ ಹತ್ತು. ಅಮ್ಮನಿಗೆ ನಿದ್ದೆ ಬಂದಿರುತ್ತದೆ. ಊಟ ಆಯ್ತಾ, ಸ್ವೆಟರ್ ಹಾಕಿದ್ದೀಯಾ ಅಂತ ಕೇಳಿ ಇಟ್ಟುಬಿಡುತ್ತಾರೆ. ಫೋನ್ ಇಟ್ಟು ಕಿಟಕಿ ನೋಡಿದರೆ ಹೊರಗೆ ಪೂರ್ತಿ ಕತ್ತಲೆ. ಅಲ್ಲಿಂದ ನಾನು ಮಲಗುವವರೆಗೆ ಏಳು ಗಂಟೆ ಇದೆ, ಆ ಏಳು ಗಂಟೆ ನನಗೆ ಗೊತ್ತಿರುವ ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಮಳೆ ನನಗೆ ಹೊಸದಲ್ಲ, ಜುಲೈನಲ್ಲಿ ಸಾಗರ ನೋಡಿದವರಿಗೆ ಇಲ್ಲಿಯದು ಬರೀ ಜಿಟಿಜಿಟಿ. ಆದರೆ ಈ ಕತ್ತಲೆಗೆ ಏನು ಮಾಡಬೇಕು ಗೊತ್ತಾಗುತ್ತಿಲ್ಲ.

ನವೆಂಬರ್ 5ರ ರಾತ್ರಿ ಪಟಾಕಿ ಸದ್ದು ಕೇಳಿ ಕಿಟಕಿ ಹತ್ತಿರ ಓಡಿದೆ. ನಮ್ಮ ದೀಪಾವಳಿ ಮುಗಿದು ಎರಡು ವಾರ ಆಗಿತ್ತು, ಅವತ್ತು ನಾನು ಕ್ಲಾಸಿನಲ್ಲಿದ್ದೆ. ಇಲ್ಲಿ ಇದು ಬಾನ್‌ಫೈರ್ ನೈಟ್ ಅಂತೆ, 1605ರಲ್ಲಿ ಪಾರ್ಲಿಮೆಂಟ್ ಸಿಡಿಸುವ ಸಂಚು ಬಯಲಾದ ನೆನಪಿಗೆ. ನೋಡುತ್ತಾ ನೋಡುತ್ತಾ ಅಳು ಬಂದುಬಿಟ್ಟಿತು.

ಇನ್ನು ಅಡುಗೆ. ಆರು ಜನಕ್ಕೆ ಒಂದೇ ಅಡುಗೆಮನೆ. ಎರಡನೇ ವಾರ ಸಾರಿಗೆ ಒಗ್ಗರಣೆ ಹಾಕಿದಾಗ ಫೈರ್ ಅಲಾರಂ ಹೊಡೆದು, ಇಡೀ ಕಟ್ಟಡದವರು ರಾತ್ರಿ ಒಂಬತ್ತಕ್ಕೆ ಚಳಿಯಲ್ಲಿ ಹೊರಗೆ ನಿಂತರು. ಒಬ್ಬಳು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಯಾರೂ ಏನೂ ಅನ್ನಲಿಲ್ಲ. ಮಾರನೇ ದಿನ ಫ್ರಿಜ್ ಮೇಲೆ ಒಂದು ಚೀಟಿ ಇತ್ತು, ದಯವಿಟ್ಟು ಅಡುಗೆ ಮಾಡುವಾಗ ಗಮನ ಇರಲಿ ಅಂತ. ಅವತ್ತಿನಿಂದ ನಾನು ಒಲೆ ಹಚ್ಚಿಲ್ಲ. ಬ್ರೆಡ್ಡು, ನೂಡಲ್ಸು, ಬಾಳೆಹಣ್ಣು, ಎಲ್ಲ ರೂಮಿನಲ್ಲೇ.

ಮೊನ್ನೆ ಮೊದಲ ಅಸೈನ್‌ಮೆಂಟ್ ಮಾರ್ಕ್ಸ್ ಬಂತು, 58. ಬಿಇ ಪೂರ್ತಿ 80ರ ಕೆಳಗೆ ಇಳಿದವಳಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ. ತೋಟದ ಮೇಲೆ ಸಾಲ ಮಾಡಿ ಅಪ್ಪ ಕಳಿಸಿದ್ದಾರೆ.

ಕೊನೆಯದು, ಒಂದು ರೆಸ್ಟೋರೆಂಟಿನಲ್ಲಿ ಕೆಲಸ ಇದೆ ಅಂದರು. ಗಂಟೆಗೆ 6 ಪೌಂಡ್, ಕೈಗೆ ನಗದು, ಎಷ್ಟು ಗಂಟೆ ಬೇಕಾದರೂ ಮಾಡು ಅಂತ. ಸಂಜೆ ಹೊತ್ತಾದರೂ ಕಳೆಯುತ್ತದೆ ಅನ್ನಿಸುತ್ತಿದೆ. ಸೇರಲಾ?


ಲೆಸ್ಟರ್ ನಿವಾಸಿ:

ತಂಗಿ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಕೊಡ್ತೀನಿ, ಯಾಕಂದರೆ ಅದಕ್ಕೆ ಕಾಯುವಷ್ಟು ಟೈಮ್ ಇಲ್ಲ. ಸೇರಬೇಡ.

ಇಲ್ಲಿ 21 ತುಂಬಿದವರಿಗೆ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ಗಂಟೆಗೆ 12.21 ಪೌಂಡ್ ಆಯಿತು. ನಿನಗೆ ವಾರಕ್ಕೆ 20 ಗಂಟೆ ಕೆಲಸ ಮಾಡಲು ವೀಸಾದಲ್ಲೇ ಅವಕಾಶ ಇದೆ. ಸರಿಯಾದ ಕಡೆ 20 ಗಂಟೆ ಮಾಡಿದರೆ 244 ಪೌಂಡ್ ಬರುತ್ತದೆ. ಅವರು ಹೇಳಿದ 6 ಪೌಂಡ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ಅಷ್ಟೇ ದುಡ್ಡಿಗೆ 40 ಗಂಟೆ ನಿಲ್ಲಬೇಕು. ಅಂದರೆ ಅದೇ ಹಣಕ್ಕೆ ಎರಡರಷ್ಟು ದುಡಿಮೆ, ಜೊತೆಗೆ ವೀಸಾ ನಿಯಮ ಮುರಿದ ಹಾಗೂ ಆಯಿತು.

ನಾನು 2022ರಲ್ಲಿ ಬಂದಾಗ ಇದನ್ನೇ ಮಾಡಿದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಒಂದು ಟೇಕ್‌ಅವೇ ಅಂಗಡಿ, ಪಾತ್ರೆ ತೊಳೆಯೋದು, ಈರುಳ್ಳಿ ಹೆಚ್ಚೋದು. ಮೊದಲ ಎರಡು ವಾರ ದುಡ್ಡು ಕೊಟ್ಟರು. ಆಮೇಲೆ ನಾಳೆ, ನಾಡಿದ್ದು ಅಂತ ಮೂರು ವಾರ ತಳ್ಳಿದರು. ಜೋರಾಗಿ ಕೇಳಿದ ದಿನ ಮಾಲೀಕ, ಯಾರಿಗೆ ಬೇಕಾದರೂ ಹೇಳು, ನೀನು ಎಷ್ಟು ಗಂಟೆ ಮಾಡಿದ್ದೀಯ ಅಂತ ನಾನೂ ಹೇಳ್ತೀನಿ ಅಂದ. ಪೇಸ್ಲಿಪ್ ಇಲ್ಲ, ಕಾಗದ ಇಲ್ಲ. ವೀಸಾ ಹೋದರೆ ಅನ್ನುವ ಹೆದರಿಕೆಯಲ್ಲಿ ಬಾಯಿ ಮುಚ್ಚಿಕೊಂಡು ಬಂದೆ. ಆ ಮೂರು ವಾರ ನನಗೆ ನಿದ್ದೆ ಇರಲಿಲ್ಲ.

20 ಗಂಟೆ ಲೆಕ್ಕವನ್ನು ತುಂಬಾ ಜನ ತಪ್ಪಾಗಿ ಹಿಡಿಯುತ್ತಾರೆ. ವಾರ ಅಂದರೆ ಸೋಮವಾರದಿಂದ ಭಾನುವಾರ. ಈ ವಾರ 12 ಮಾಡಿ ಮುಂದಿನ ವಾರ 28 ಮಾಡಿದರೆ ಸರಾಸರಿ 20 ತಾನೆ ಅನ್ನುವ ಹಾಗಿಲ್ಲ. ಎರಡು ಕಡೆ ಕೆಲಸ ಇದ್ದರೆ ಎರಡೂ ಸೇರಿ 20. ಮನೆಮನೆಗೆ ಊಟ ತಲುಪಿಸುವ ಆ್ಯಪ್ ಕೆಲಸ ನಮಗೆ ಇಲ್ಲವೇ ಇಲ್ಲ, ಅದು ಸ್ವಂತ ಉದ್ಯೋಗ ಅಂತ ಲೆಕ್ಕ. ಬೇರೆಯವರ ಖಾತೆ ಬಾಡಿಗೆಗೆ ಕೊಡ್ತೀವಿ ಅಂತ ಯಾರಾದರೂ ಬಂದರೆ ಆ ಕಡೆ ತಿರುಗಿಯೂ ನೋಡಬೇಡ. ಕ್ರಿಸ್‌ಮಸ್ ರಜೆಯಲ್ಲಿ ಸಾಮಾನ್ಯವಾಗಿ ಪೂರ್ತಿ ಹೊತ್ತು ಮಾಡಬಹುದು. ಆದರೆ ಎಂಎಸ್ಸಿಯವರಿಗೆ ಬೇಸಿಗೆಯಲ್ಲಿ ಡಿಸರ್ಟೇಶನ್ (ಕೊನೆಯ ದೊಡ್ಡ ಪ್ರಬಂಧ) ನಡೆಯುತ್ತಿರುತ್ತದೆ, ಅದು ರಜೆ ಅಲ್ಲ, ಆಗಲೂ 20 ಗಂಟೆಯೇ. ನಿಮ್ಮ ಕೋರ್ಸಿನ ಟರ್ಮ್ ದಿನಾಂಕ ಬರೆದುಕೊಟ್ಟ ಪತ್ರ ಇಸ್ಕೊಂಡು ಇಟ್ಟುಕೋ, ಕೆಲಸ ಕೊಡುವವರು ಕೇಳುತ್ತಾರೆ.

ಕೆಲಸ ಎಲ್ಲಿ ಹುಡುಕಬೇಕು? ನಿಮ್ಮ ಯೂನಿವರ್ಸಿಟಿಯಲ್ಲೇ ವಿದ್ಯಾರ್ಥಿಗಳಿಗೆ ಕೆಲಸ ಕೊಡಿಸುವ ವಿಭಾಗ ಇರುತ್ತದೆ. ಓಪನ್ ಡೇ ದಿನ ದಾರಿ ತೋರಿಸೋದು, ಲೈಬ್ರರಿ, ಸ್ಟೂಡೆಂಟ್ಸ್ ಯೂನಿಯನ್ ಕೆಫೆ. ಸಂಬಳ ಸರಿಯಾಗಿ ಬರುತ್ತದೆ, ಗಂಟೆ ಲೆಕ್ಕ ಅವರೇ ನೋಡಿಕೊಳ್ಳುತ್ತಾರೆ. ಮೆಡೋಹಾಲ್ ಮಾಲ್ ಕಡೆ ಅಂಗಡಿಗಳೂ ಕ್ರಿಸ್‌ಮಸ್‌ಗೆ ಜನ ತಗೊಳ್ಳುತ್ತವೆ, ಈಗ ಸ್ವಲ್ಪ ತಡ ಆಯಿತು, ಆದರೂ ಹಾಕು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಸಂಬಳದ ತೆರಿಗೆ ಲೆಕ್ಕಕ್ಕೆ ಸರ್ಕಾರ ಕೊಡುವ ನಂಬರ್) ಇನ್ನೂ ಬಂದಿಲ್ಲ ಅಂತ ಕೂತಿರಬೇಡ. ಅರ್ಜಿ ಹಾಕಿ, ಕೆಲಸ ಮಾಡುವ ಹಕ್ಕು ಇದೆ ಅಂತ ತೋರಿಸುವ ಶೇರ್ ಕೋಡ್ ಕೊಟ್ಟು ಕೆಲಸ ಶುರು ಮಾಡಬಹುದು, ನಂಬರ್ ಆಮೇಲೆ ಕೊಟ್ಟರೆ ನಡೆಯುತ್ತದೆ.


ರಾಯಚೂರಿನವ:

ಲೆಸ್ಟರ್ ಅಣ್ಣ, ನೀವು ಹೇಳೋದು ನಿಯಮದ ಪ್ರಕಾರ ಸರಿ. ಆದರೆ ನನ್ನಂಥವರ ಪರಿಸ್ಥಿತಿ ನೋಡಿ. ನನಗೆ ತಿಂಗಳಿಗೆ ಬಡ್ಡಿನೇ 28 ಸಾವಿರ ರೂಪಾಯಿ ಕಟ್ಟಬೇಕು. ಎರಡು ತಿಂಗಳು, ನೂರಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದೆ, ಮೂರು ಕಡೆ ಮಾತ್ರ ಬೇಡ ಅಂತಾದರೂ ಉತ್ತರ ಬಂತು. ಮಿಕ್ಕವರದು ಅದೂ ಇಲ್ಲ. ರೂಮ್ ಬಾಡಿಗೆ ಕಾಯೋದಿಲ್ಲ. ಕೊನೆಗೆ ನಗದು ಕೆಲಸಕ್ಕೆ ಹೋದೆ. ತಪ್ಪು ಅಂತ ಗೊತ್ತು. ಬೇರೆ ದಾರಿ ಇದ್ದಿದ್ದರೆ ಹೋಗುತ್ತಿರಲಿಲ್ಲ. ಅಕ್ಕನಿಗೆ ಸೇರಿ ಅಂತ ಹೇಳ್ತಿಲ್ಲ, ಹೋದವರೆಲ್ಲ ದುರಾಸೆಯಿಂದ ಹೋಗಿಲ್ಲ ಅಂತ ಹೇಳ್ತಿದ್ದೀನಿ ಅಷ್ಟೇ.


ಲೆಸ್ಟರ್ ನಿವಾಸಿ:

ತಮ್ಮಾ, ನಿನ್ನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ, ನಾನೂ ಅಲ್ಲಿಂದಲೇ ಬಂದವನು. ಆದರೆ ಈಗಲೇ ಯೂನಿವರ್ಸಿಟಿಯ ಹಣದ ಸಲಹೆ ಕೊಡುವವರ ಹತ್ತಿರ ಹೋಗು. ಕಷ್ಟಕ್ಕೆ ಅಂತಲೇ ಒಂದು ಹಾರ್ಡ್‌ಶಿಪ್ ಫಂಡ್ ಬಹಳ ಕಡೆ ಇರುತ್ತದೆ, ಎಷ್ಟೋ ಕಡೆ ಹೊರದೇಶದವರಿಗೂ ಕೊಡುತ್ತಾರೆ. ನಮ್ಮವರು ಕೇಳೋದೇ ಇಲ್ಲ, ಕೇಳಿದರೆ ಮರ್ಯಾದೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಫೀಸಿನ ಕಂತು ಮುಂದೂಡಲು ಆಗುತ್ತಾ ಅಂತಲೂ ಕೇಳು. ಕಂತು ತಪ್ಪಿಸಿ ಸುಮ್ನೆ ಇದ್ದರೆ ಮಾತ್ರ ತೊಂದರೆ, ಮುಂಚೆ ಹೇಳಿದರೆ ಕೂತು ಮಾತಾಡುತ್ತಾರೆ. ಅರ್ಜಿಯ ಸಿವಿಯನ್ನು ನನಗೆ ಮೆಸೇಜ್‌ನಲ್ಲಿ ಕಳಿಸು. ನಮ್ಮ ಊರಿನ ಬಯೋಡೇಟಾ ತರಹ ಅಪ್ಪನ ಹೆಸರು, ಹುಟ್ಟಿದ ದಿನ, ಫೋಟೋ ಎಲ್ಲ ಇದ್ದರೆ ತೆಗೆಯಬೇಕು, ಒಂದು ಪುಟಕ್ಕೆ ಇಳಿಸಬೇಕು. ಕೂತು ಮಾಡೋಣ.


ಕುಂದಾಪುರದವಳು:

ಪುಟ್ಟಿ, ನಾನು ಇಲ್ಲಿ ನರ್ಸ್, ಬಂದು ಹದಿನಾಲ್ಕು ವರ್ಷ ಆಯಿತು. ನೀನು ಬರೆದದ್ದರಲ್ಲಿ ನನಗೆ ಜಾಸ್ತಿ ಚಿಂತೆ ಆದದ್ದು ಆ ಕೆಲಸವೂ ಅಲ್ಲ, ಮಾರ್ಕ್ಸೂ ಅಲ್ಲ. ಆರು ವಾರದಿಂದ ಬಿಸಿ ಅನ್ನ ತಿಂದಿಲ್ಲ, ರೂಮಿನಲ್ಲೇ ಕೂತು ತಿನ್ನುತ್ತಿದ್ದೀಯ ಅನ್ನುವುದು.

ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ಬರೆಸಿದ್ದೀಯಾ? ನಿನ್ನ ಪಟ್ಟಿಯಲ್ಲಿ ಕಾಣಲಿಲ್ಲ. ಇಲ್ಲಿ ಎಲ್ಲಕ್ಕೂ ಮೊದಲು ಜಿಪಿ, ನಮ್ಮ ಕಡೆ ಹಾಗೆ ನೇರ ಸ್ಪೆಷಲಿಸ್ಟ್ ಹತ್ತಿರ ಹೋಗಲಾಗದು. ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿದ್ದೀಯ, ಹಾಗಾಗಿ ಜಿಪಿ, ಆಸ್ಪತ್ರೆ ಎಲ್ಲ ನಿನಗೂ ಇಲ್ಲಿಯವರಷ್ಟೇ ಹಕ್ಕಿನದು, ಯಾರ ಉಪಕಾರವೂ ಅಲ್ಲ. ಹೆಸರು ಬರೆಸಲು ದುಡ್ಡಿಲ್ಲ. ಕಾಯಿಲೆ ಬಿದ್ದ ದಿನ ಬರೆಸುತ್ತೇನೆ ಅಂದರೆ ಆ ದಿನ ಫಾರಂ ತುಂಬುವ ಶಕ್ತಿ ಇರುವುದಿಲ್ಲ. ನಾಳೆಯೇ ಮಾಡು. ಅಪಾಯಿಂಟ್‌ಮೆಂಟ್‌ಗೆ ಬಹಳ ಕಡೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಬೇಕು. ರಾತ್ರಿ ಹೊತ್ತು ಏನಾದರೂ ಆಗಿ, ಜೀವಕ್ಕೆ ಅಪಾಯ ಇಲ್ಲ ಅನ್ನಿಸಿದರೆ, 111ಕ್ಕೆ ಫೋನ್ ಮಾಡು. ಎದೆನೋವು, ಉಸಿರು ಕಟ್ಟುವುದು, ಅಂಥದ್ದಕ್ಕೆ 999. ಗಂಟಲು ನೋವು, ಹೆಂಗಸರ ಉರಿಮೂತ್ರ ಇಂಥದ್ದಕ್ಕೆಲ್ಲ ಈಗ ಬೀದಿಯ ಫಾರ್ಮಸಿಯಲ್ಲೇ ನೋಡಿ ಮಾತ್ರೆ ಕೊಡುತ್ತಾರೆ, 2024ರಿಂದ ಶುರುವಾಗಿದೆ. ಜಿಪಿ ಬರೆದ ಔಷಧಿಗೆ ಒಂದೊಂದಕ್ಕೆ 9.90 ಪೌಂಡ್. ಹಲ್ಲು ಮಾತ್ರ ಬೇರೆ ಲೆಕ್ಕ, ಅದು ದುಬಾರಿ, ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದಂತವೈದ್ಯರು ಸಿಗುವುದೇ ಕಷ್ಟ. ಊರಿಗೆ ಹೋದಾಗ ತೋರಿಸಿಕೊಂಡು ಬಾ.

ಕತ್ತಲೆಯ ವಿಷಯ. ಇದು ನಿನ್ನ ಮನಸ್ಸಿನ ದೌರ್ಬಲ್ಯ ಅಲ್ಲ. ಡಿಸೆಂಬರ್ ನಡುವಿಗೆ ನಿಮ್ಮಲ್ಲಿ ನಾಲ್ಕು ಗಂಟೆಗೂ ಮುಂಚೆ ಸೂರ್ಯ ಮುಳುಗುತ್ತಾನೆ, ಇಲ್ಲೇ ಹುಟ್ಟಿದವರಿಗೂ ಆ ತಿಂಗಳು ಭಾರ. ಚಳಿಗಾಲ ಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳಿ ಅಂತ ಎನ್‌ಎಚ್‌ಎಸ್ ಎಲ್ಲರಿಗೂ ಹೇಳುತ್ತದೆ, ನಮ್ಮ ಮೈಬಣ್ಣದವರು ವರ್ಷ ಪೂರ್ತಿ ತಗೊಂಡರೂ ಒಳ್ಳೆಯದೇ. ಯಾವ ಸೂಪರ್ ಮಾರ್ಕೆಟ್‌ನಲ್ಲಾದರೂ ಸಿಗುತ್ತದೆ. ಮತ್ತೆ ಮಧ್ಯಾಹ್ನ ಹನ್ನೆರಡರ ಒಳಗೆ ಒಂದರ್ಧ ಗಂಟೆ ಹೊರಗೆ ನಡೆ, ಮೋಡ ಇದ್ದರೂ ಸರಿ. ಬೆಳಕು ಇರುವಾಗ ಒಳಗೆ ಕೂತು, ಕತ್ತಲಾದ ಮೇಲೆ ಹೊರಗೆ ನೋಡುತ್ತಾ ನಿಂತರೆ ಎಂಥವರಿಗೂ ಅಳು ಬರುತ್ತದೆ.

ಅಳು ದಿನಾ ಬರುತ್ತಿದ್ದರೆ, ನಿದ್ದೆ ಇಲ್ಲದಿದ್ದರೆ, ಎದ್ದು ಕ್ಲಾಸಿಗೆ ಹೋಗಲೂ ಆಗದಿದ್ದರೆ ಯೂನಿವರ್ಸಿಟಿಯ ಕೌನ್ಸೆಲಿಂಗ್‌ಗೆ ಹೋಗು. ಅಲ್ಲಿ ಹೇಳಿದ್ದು ಮಾರ್ಕ್ಸ್ ಕಾರ್ಡಿಗೂ ಬರುವುದಿಲ್ಲ, ಮನೆಗೂ ಹೋಗುವುದಿಲ್ಲ. ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ಎಷ್ಟೋ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ನೈಟ್‌ಲೈನ್ ಅನ್ನುವ ಫೋನ್ ಸೇವೆ ಇದೆ. ಮನಸ್ಸಿಗೆ ಕಷ್ಟ ಆದವರ ಮಾತು ಕೇಳುವ ಸಮಾರಿಟನ್ಸ್ ಅನ್ನುವ ಸಂಸ್ಥೆಯೂ ಇದೆ, 116 123, ಯಾವ ಹೊತ್ತಿಗಾದರೂ ಎತ್ತುತ್ತಾರೆ, ಕಾಲ್ ಉಚಿತ.

ಅಮ್ಮನಿಗೆ ಫೋನ್ ಮಾಡುವ ಹೊತ್ತು ಬದಲಾಯಿಸು ಮಗಾ. ಬೆಳಿಗ್ಗೆ ಎಂಟಕ್ಕೆ ಮಾಡು. ಆಗ ಅಲ್ಲಿ ಮಧ್ಯಾಹ್ನ ಒಂದೂವರೆ, ಊಟ ಮುಗಿದು ಪಾತ್ರೆ ತೊಳೆದು ಅಮ್ಮ ಸ್ವಲ್ಪ ಅಡ್ಡ ಆಗುವ ಹೊತ್ತು. ನಿಧಾನಕ್ಕೆ ಮಾತಾಡಲು ಅವರಿಗೂ ಪುರಸೊತ್ತು ಇರುತ್ತದೆ. ನಾನು ಮೊದಲ ವರ್ಷ ಪೂರ್ತಿ ಸಂಜೆಯ ಫೋನಿಗೆ ಕಾದೆ. ದಿನ ಇಡೀ ಅದಕ್ಕೇ ಕಾಯುವುದು, ಅದು ಮುಗಿದ ಕೂಡಲೇ ದಿನವೇ ಮುಗಿದ ಹಾಗೆ ಆಗುತ್ತಿತ್ತು. ಬೆಳಿಗ್ಗೆಗೆ ಬದಲಾಯಿಸಿದ ಮೇಲೆ ಸಂಜೆ ನನ್ನದಾಯಿತು.


ಏಳು ಗುಡ್ಡ:

ನಾನೂ ಶೆಫೀಲ್ಡ್‌ನಲ್ಲೇ ಇದ್ದೇನೆ, ಪಿಎಚ್‌ಡಿ ಮೂರನೇ ವರ್ಷ. ಸೆಮಿನಾರ್ ಕ್ಲಾಸ್ ತಗೊಳ್ಳುತ್ತೇನೆ, ಎಂಎಸ್ಸಿಯವರ ಅಸೈನ್‌ಮೆಂಟ್ ತಿದ್ದುತ್ತೇನೆ. ಹಾಗಾಗಿ 58ರ ಬಗ್ಗೆ ನಾನು ಹೇಳುತ್ತೇನೆ.

ಇಲ್ಲಿ ಮಾಸ್ಟರ್ಸ್‌ಗೆ 50 ಬಂದರೆ ಪಾಸು, 60 ಮೆರಿಟ್, 70 ಡಿಸ್ಟಿಂಕ್ಷನ್. 80 ಅಂದರೆ ಅದು ಎಲ್ಲೋ ಅಪರೂಪಕ್ಕೆ ಕಾಣುವ ಅಂಕಿ. ನೀವು ಹೊಸ ಪದ್ಧತಿಯಲ್ಲಿ, ಮೊದಲ ಸಲ, ಮೆರಿಟ್‌ಗೆ ಎರಡೇ ಅಂಕ ಕಡಿಮೆ ತಗೊಂಡಿದ್ದೀರಿ. ಮನೆಗೆ ಹೇಳುವಾಗ ಈ ಲೆಕ್ಕ ಸೇರಿಸಿ ಹೇಳಿ. ಬರೀ 58 ಅಂದರೆ ಅಪ್ಪ ಖಂಡಿತ ಗಾಬರಿ ಆಗುತ್ತಾರೆ, ನಮ್ಮ ಅಪ್ಪನೂ ಆಗಿದ್ದರು.

ಮಾರ್ಕ್ಸ್ ಜೊತೆ ಬಂದ ಫೀಡ್‌ಬ್ಯಾಕ್ ಓದಿದಿರಾ? ಬಹುಶಃ ಡಿಸ್ಕ್ರಿಪ್ಟಿವ್ ಜಾಸ್ತಿ, ಕ್ರಿಟಿಕಲ್ ಅನಾಲಿಸಿಸ್ ಕಡಿಮೆ ಅಂತ ಇರುತ್ತದೆ. ನಮ್ಮ ದೇಶದಿಂದ ಬಂದ ಹತ್ತರಲ್ಲಿ ಎಂಟು ಜನರಿಗೆ ನಾನೇ ಅದನ್ನು ಬರೆದಿದ್ದೇನೆ. ನಮ್ಮಲ್ಲಿ ಪುಸ್ತಕದಲ್ಲಿ ಇದ್ದದ್ದನ್ನು ತಪ್ಪಿಲ್ಲದೆ, ಚೆನ್ನಾಗಿ, ಪೂರ್ತಿಯಾಗಿ ಬರೆದರೆ ಪೂರ್ಣಾಂಕ. ಇಲ್ಲಿ ಅದು ಶುರು ಮಾತ್ರ. ಒಬ್ಬ ಲೇಖಕ ಹೀಗನ್ನುತ್ತಾನೆ, ಇನ್ನೊಬ್ಬಳು ಅದನ್ನು ಒಪ್ಪುವುದಿಲ್ಲ, ಇಬ್ಬರಲ್ಲಿ ಯಾರ ಮಾತು ನಿಮಗೆ ಸರಿ ಅನ್ನಿಸುತ್ತದೆ, ಯಾಕೆ, ಯಾರ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ, ಇದನ್ನು ಹೇಳಬೇಕು. ದೊಡ್ಡವರ ಮಾತನ್ನು ತಪ್ಪು ಅನ್ನುವುದಕ್ಕೆ ನಮಗೆ ಕೈ ನಡುಗುತ್ತದೆ, ಅದು ನನಗೂ ಗೊತ್ತು. ಒಂದು ಉಪಾಯ ಹೇಳುತ್ತೇನೆ. ಬರೆದ ಪ್ರತಿ ಪ್ಯಾರಾ ಓದಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ಹಾಗಾದರೆ ಏನೀಗ?' ಅಂತ ಕನ್ನಡದಲ್ಲೇ ಬರೆದುಕೊಳ್ಳಿ. ಅದಕ್ಕೆ ಉತ್ತರ ಆ ಪ್ಯಾರಾದಲ್ಲಿ ಇಲ್ಲದಿದ್ದರೆ ಎರಡು ಸಾಲು ಸೇರಿಸಿ. ನಾನು ಈಗಲೂ ಹೀಗೇ ಮಾಡುತ್ತೇನೆ.

ಪಾಠ ಮಾಡುವವರು ವಾರಕ್ಕೆ ಇಂತಿಷ್ಟು ಹೊತ್ತು ಅಂತ ಆಫೀಸ್ ಅವರ್ಸ್ ಇಟ್ಟಿರುತ್ತಾರೆ. ದಯವಿಟ್ಟು ಹೋಗಿ. ತೊಂದರೆ ಕೊಟ್ಟ ಹಾಗೆ ಆಗುತ್ತದೆ ಅಂತ ನಮ್ಮವರು ಹೋಗುವುದಿಲ್ಲ, ಆ ಹೊತ್ತಿನಲ್ಲಿ ಅವರು ಖಾಲಿ ಕೂತಿರುತ್ತಾರೆ. ಅವರನ್ನು ಇಲ್ಲಿಯವರ ಹಾಗೆ ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲ ಅಂದರೆ ಹಲೋ ಅಂತ ಶುರು ಮಾಡಿ. ಇನ್ನೊಂದು ಮಾತು, ಬೇರೆಯವರ ವಾಕ್ಯ ಎತ್ತಿ ಎರಡು ಪದ ಬದಲಾಯಿಸಿ ಹಾಕುವುದು ಇಲ್ಲಿ ದೊಡ್ಡ ಅಪರಾಧ. ನಕಲು ಪತ್ತೆ ಮಾಡುವ ಸಾಫ್ಟ್‌ವೇರ್ ಟರ್ನಿಟಿನ್ ಹಿಡಿಯುತ್ತದೆ, ಅದು ಹಿಡಿಯದಿದ್ದರೆ ಓದುವ ನಾವು ಹಿಡಿಯುತ್ತೇವೆ.

ಈಗ ಸಂಜೆಯ ವಿಷಯ. ಊರ ಮಧ್ಯೆ ವಿಂಟರ್ ಗಾರ್ಡನ್ ಅಂತ ಇದೆ, ರೈಲ್ವೆ ಸ್ಟೇಷನ್‌ನಿಂದ ನಡೆಯುವ ದೂರ. ದೊಡ್ಡ ಗಾಜಿನ ಮನೆ, ಒಳಗೆ ಎರಡು ಸಾವಿರಕ್ಕೂ ಹೆಚ್ಚು ಗಿಡಗಳು, ಟಿಕೆಟ್ ಇಲ್ಲ. ನನ್ನ ಮೊದಲ ನವೆಂಬರ್‌ನಲ್ಲಿ ಅಲ್ಲಿ ಒಂದು ಬೆಂಚಿನ ಮೇಲೆ ಕೂತು ಓದುತ್ತಿದ್ದೆ. ಹಸಿರು, ಒದ್ದೆ ಮಣ್ಣಿನ ವಾಸನೆ. ಲಾಲ್‌ಬಾಗ್ ಗಾಜಿನ ಮನೆಗೆ ಚಿಕ್ಕವನಿದ್ದಾಗ ಅಜ್ಜನ ಜೊತೆ ಹೋಗಿದ್ದು ನೆನಪಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಮಾತ್ರ ರೂಮಿನಲ್ಲಿ ಇರಬೇಡಿ. ಸಾಗರದವರು ಅಂದಿರಿ, ನಿಮಗೆ ಬೆಟ್ಟ ಬೇಕು. ಹೋಪ್ ವ್ಯಾಲಿ ಕಡೆ ಹೋಗುವ ರೈಲು ಹತ್ತಿದರೆ ಅರ್ಧ ಗಂಟೆ ಸುಮಾರಿಗೆ ಈಡೇಲ್. ಇಳಿದ ಕೂಡಲೇ ಪೀಕ್ ಡಿಸ್ಟ್ರಿಕ್ಟ್ ಶುರು, 1951ರಲ್ಲಿ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್ ಆದದ್ದು ಇದೇ. ಈ ಬೆಟ್ಟಗಳ ಕಥೆ ನನಗೆ ತುಂಬಾ ಇಷ್ಟ. ಒಂದು ಕಾಲದಲ್ಲಿ ಇವೆಲ್ಲ ಶ್ರೀಮಂತರು ಬೇಟೆಗೆ ಅಂತ ಬೇಲಿ ಹಾಕಿ ಇಟ್ಟುಕೊಂಡ ಜಾಗ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯ ಕೂಲಿ ಹುಡುಗರು ನೂರಾರು ಜನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಬೇಕೆಂದೇ ನುಗ್ಗಿ ನಡೆದರು, ಕೆಲವರು ಜೈಲಿಗೂ ಹೋದರು. ಈಗ ನಾವೆಲ್ಲ ಯಾರನ್ನೂ ಕೇಳದೆ ಅಲ್ಲಿ ನಡೆಯುತ್ತೇವೆ. ಯೂನಿವರ್ಸಿಟಿಯಲ್ಲಿ ನಡೆಯುವವರ ಗುಂಪು ಇದೆಯಾ ನೋಡಿ, ಒಬ್ಬರೇ ಹೋಗಬೇಡಿ, ಈಗ ಮಂಜು ಬೇಗ ಇಳಿಯುತ್ತದೆ. 16-25 ರೈಲ್‌ಕಾರ್ಡ್ ಮಾಡಿಸಿಕೊಳ್ಳಿ, ವರ್ಷಕ್ಕೆ 35 ಪೌಂಡ್, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ.


ಸಾರು ಅನ್ನ:

ಒಗ್ಗರಣೆ ಬಗ್ಗೆ ಯಾರೂ ಹೇಳಲಿಲ್ಲ ಅಂತ ನಾನು ಬರೀತಿದ್ದೀನಿ. ಹಾಸ್ಟೆಲ್ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಇರೋದು ಬಿಸಿಗೆ ಹೊಡೆಯುವ ಅಲಾರಂ, ಹೊಗೆಗೆ ಹೊಡೆಯೋದು ಹೊರಗಿನ ಕಾರಿಡಾರ್‌ನಲ್ಲಿ. ಅಡುಗೆಮನೆ ಬಾಗಿಲಿಗೆ ಏನಾದರೂ ಅಡ್ಡ ಇಟ್ಟು ತೆರೆದಿಟ್ಟಿದ್ದರಾ? ಬಹಳ ಸಲ ಅದೇ ಕಾರಣ. ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ, ಮೇಲಿನ ಫ್ಯಾನ್ ಹಾಕಿ. ಎಣ್ಣೆಯಲ್ಲಿ ಹೊಗೆ ಏಳುವವರೆಗೆ ಕಾಯಬೇಡಿ, ಎಲೆಕ್ಟ್ರಿಕ್ ಒಲೆ ಆರಿಸಿದ ಮೇಲೂ ಬಿಸಿ ಹಿಡಿದಿಟ್ಟುಕೊಂಡಿರುತ್ತದೆ, ನಮ್ಮ ಗ್ಯಾಸ್ ತರಹ ಅಲ್ಲ. ನಡು ಉರಿಯಲ್ಲಿ ಸಾಸಿವೆ ಹಾಕಿ ಮುಚ್ಚಳ ಮುಚ್ಚಿ, ಚಟಪಟ ಅಂದ ಕೂಡಲೇ ಪಾತ್ರೆ ಪಕ್ಕಕ್ಕೆ ಸರಿಸಿ. ಒಣಮೆಣಸಿನಕಾಯಿಯ ಘಾಟು ಎಲ್ಲರಿಗೂ ಕೆಮ್ಮು ಬರಿಸುತ್ತದೆ, ಅದನ್ನು ಒಲೆ ಆರಿಸಿದ ಮೇಲೆ ಹಾಕಿ.

ಕುಕ್ಕರ್ ತಂದಿದ್ದು ಅಲ್ಯೂಮಿನಿಯಂ ಆದರೆ ಇಂಡಕ್ಷನ್ ಒಲೆಯಲ್ಲಿ ನಡೆಯಲ್ಲ, ನೋಡಿಕೊಳ್ಳಿ. ಕರಿಬೇವು ಸಿಕ್ಕಾಗ ಜಾಸ್ತಿ ತಂದು ತೊಳೆದು ಒರೆಸಿ ಫ್ರೀಜರ್‌ಗೆ ಹಾಕಿ. ತುರಿದ ತೆಂಗಿನಕಾಯಿ ಫ್ರೋಜನ್ ಪ್ಯಾಕೆಟ್ಟಿನಲ್ಲಿ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ, ತೊಗರಿಬೇಳೆ ದೊಡ್ಡ ಸೂಪರ್ ಮಾರ್ಕೆಟ್‌ನಲ್ಲೇ ಇರುತ್ತದೆ. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆರೆಯುತ್ತವೆ, ಸಂಜೆ ನಾಲ್ಕಕ್ಕೆ ಹೋದರೆ ಎಷ್ಟೋ ಕಡೆ ಬಾಗಿಲು ಹಾಕಿರುತ್ತದೆ. ರಾಗಿಹಿಟ್ಟು, ಸೋನಾ ಮಸೂರಿ ಎಲ್ಲ ಒಂದೇ ಕಡೆ ಬೇಕು ಅಂದರೆ ಒಂದು ದಿನ ಲೆಸ್ಟರ್‌ಗೆ ಹೋಗಿ, ರೈಲಿನಲ್ಲಿ ಸುಮಾರು ಒಂದು ಗಂಟೆ, ಬೆಲ್‌ಗ್ರೇವ್ ರೋಡ್ ಪೂರ್ತಿ ನಮ್ಮ ಅಂಗಡಿಗಳೇ. ಮನೆಯವರು ತುಪ್ಪ, ಪೇಡ ಕಳಿಸ್ತೀವಿ ಅಂದರೆ ಬೇಡ ಅನ್ನಿ. ಹಾಲಿನ ಪದಾರ್ಥ ಭಾರತದಿಂದ ತರೋ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಸಾರಿನಪುಡಿ, ಚಟ್ನಿಪುಡಿ ತರಿಸಿ.

ಆ ಚೀಟಿ ಬರೆದವರ ಜೊತೆ ಒಂದು ಸಲ ಮಾತಾಡಿ. ಇಲ್ಲಿಯವರು ಎದುರಿಗೆ ಹೇಳೋದಕ್ಕೆ ಸಂಕೋಚ ಪಟ್ಟುಕೊಂಡು ಚೀಟಿ ಬರೀತಾರೆ. ನಾವು ಅದನ್ನು ಸಿಟ್ಟು ಅಂದುಕೊಳ್ಳುತ್ತೇವೆ.


ಸಾಗರದ ಹುಡುಗಿ:

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎರಡು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು.

ರೆಸ್ಟೋರೆಂಟಿನವರಿಗೆ ಬರುವುದಿಲ್ಲ ಅಂದೆ. ಯೂನಿವರ್ಸಿಟಿಯಲ್ಲಿ ಅರ್ಜಿ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ. ಜಿಪಿ ಆಯಿತು, ವಿಟಮಿನ್ ಡಿ ತಂದೆ. ಫೀಡ್‌ಬ್ಯಾಕ್ ತೆಗೆದು ನೋಡಿದರೆ ನೀವು ಹೇಳಿದ ಅದೇ ಎರಡು ಪದ. ಆಫೀಸ್ ಅವರ್ಸ್‌ಗೆ ಹೋದೆ, ಬಾಗಿಲ ಹೊರಗೆ ಐದು ನಿಮಿಷ ನಿಂತಿದ್ದೆ, ಆಮೇಲೆ ತಟ್ಟಿದೆ. ಮುಕ್ಕಾಲು ಗಂಟೆ ಕೂರಿಸಿಕೊಂಡು ಒಂದೊಂದು ಪ್ಯಾರಾ ತೋರಿಸಿದರು. ಅಪ್ಪನಿಗೂ ಹೇಳಿದೆ, ಪಾಸು 50, ಮೆರಿಟ್ 60 ಅಂತ ಸೇರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಮಾರ್ಕ್ಸ್ ತಾನೆ ಅಂದರು.

ಅಮ್ಮನಿಗೆ ಈಗ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡುತ್ತೇನೆ. ಮೊದಲ ದಿನ ಯಾಕೆ ಏನಾಯಿತು ಅಂತ ಗಾಬರಿ ಆದರು. ಈಗ ಅಡಿಕೆ ಕೊಯ್ಲಿನಿಂದ ಹಿಡಿದು ಪಕ್ಕದ ಮನೆ ಮದುವೆವರೆಗೆ ಎಲ್ಲ ಹೇಳುತ್ತಾರೆ. ಮೊನ್ನೆ ಮಾತಾಡುತ್ತಾ ಅರ್ಧದಲ್ಲಿ ಅವರೇ ನಿದ್ದೆ ಹೋದರು, ಫೋನ್ ಇಡದೆ ಉಸಿರಾಟ ಕೇಳುತ್ತಾ ಕೂತಿದ್ದೆ.

ಅಡುಗೆಮನೆ ಬಾಗಿಲಿಗೆ ಅವತ್ತು ನಾನೇ ಅಕ್ಕಿ ಚೀಲ ಅಡ್ಡ ಇಟ್ಟಿದ್ದೆ. ಚೀಟಿ ಬರೆದವಳು ಆ ಒದ್ದೆ ತಲೆಯ ಹುಡುಗಿಯೇ, ಹತ್ತಿರದ ಬಾರ್ನ್‌ಸ್ಲಿಯವಳು. ಕ್ಷಮಿಸು ಅಂತ ಹೇಳಲು ಹೋದರೆ ಅವಳೇ ಕ್ಷಮೆ ಕೇಳಿದಳು, ಆಮೇಲೆ ನೀನು ಅಡುಗೆಮನೆಗೆ ಬರೋದೇ ಬಿಟ್ಟೆಯಲ್ಲ, ನನ್ನಿಂದಲೇ ಅಂತ ಬೇಜಾರಾಗಿತ್ತು ಅಂದಳು. ಬುಧವಾರ ಟೀಗೆ ಬಾ ಅಂತ ಕರೆದಳು. ಬರೀ ಟೀ ಅಂದುಕೊಂಡು ಹೊಟ್ಟೆ ತುಂಬಿಸಿಕೊಂಡು ಹೋದೆ. ಇಲ್ಲಿ ಉತ್ತರದ ಕಡೆ ಟೀ ಅಂದರೆ ರಾತ್ರಿ ಊಟವಂತೆ. ಮುಂದಿನ ಬುಧವಾರ ನನ್ನ ಸರದಿ, ಸಾರು ಮಾಡಿದೆ, ಒಗ್ಗರಣೆ ಹಾಕಿ. ಬಾಗಿಲು ಮುಚ್ಚಿತ್ತು. ಅಲಾರಂ ಹೊಡೆಯಲಿಲ್ಲ. ಮೂರು ಜನ ಇದ್ದರು.

ನಾಲ್ಕೂವರೆ ಇನ್ನೂ ಕಷ್ಟವೇ. ವಾರದಲ್ಲಿ ಎರಡು ದಿನ ಪರವಾಗಿಲ್ಲ, ಮಿಕ್ಕ ದಿನ ಹಾಗೇ ಇದೆ. ಒಂದು ಕೇಳಬೇಕಿತ್ತು, ಕ್ರಿಸ್‌ಮಸ್‌ಗೆ ಫ್ಲ್ಯಾಟಿನವರು ಎಲ್ಲರೂ ಮನೆಗೆ ಹೋಗುತ್ತಾರೆ, ಮೂರು ವಾರ ನಾನೊಬ್ಬಳೇ. ನೀವೆಲ್ಲ ಮೊದಲ ವರ್ಷ ಏನು ಮಾಡಿದಿರಿ?


ಕುಂದಾಪುರದವಳು:

ಮೊದಲು ಇದು ತಿಳ್ಕೋ, 25ಕ್ಕೆ ರೈಲು ಇಲ್ಲ, ಬಸ್ಸು ಇಲ್ಲ ಅಂತಲೇ ಅಂದುಕೋ, ದೊಡ್ಡ ಅಂಗಡಿ ಒಂದೂ ತೆರೆಯುವುದಿಲ್ಲ. ಹಾಲು, ತರಕಾರಿ 23ಕ್ಕೇ ತಂದಿಟ್ಟುಕೋ. ರಜೆಯಲ್ಲಿ ಉಳಿಯುವ ಹೊರದೇಶದ ಮಕ್ಕಳಿಗೆ ಅಂತ ಯೂನಿವರ್ಸಿಟಿಯವರು ಏನಾದರೂ ಊಟ ಇಟ್ಟಿದ್ದಾರಾ ಕೇಳು, ಹೆಸರು ಮುಂಚೆಯೇ ಕೊಡಬೇಕಾಗುತ್ತದೆ. ಏಳು ಗುಡ್ಡದವರೂ ಅದೇ ಊರಲ್ಲಿದ್ದಾರೆ, ನಿಮ್ಮಲ್ಲಿ ಉಳಿದ ಕನ್ನಡದವರು ಎಷ್ಟು ಜನ ಅಂತ ಲೆಕ್ಕ ಹಾಕಿ. ಕನ್ನಡ ಬಳಗ ಯುಕೆ, ಕನ್ನಡಿಗರು ಯುಕೆ ಅಂತ ಎರಡು ಸಂಘ ಇದೆ, ಅವರ ಕಾರ್ಯಕ್ರಮ ಯಾವಾಗ ಅಂತಲೂ ನೋಡಿ. ರಜೆಯಲ್ಲಿ ಒಂದು ದಿನ ಲಂಡನ್‌ಗೆ ಹೋಗುವುದಾದರೆ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಇಟ್ಟದ್ದು, ನೋಡಿಕೊಂಡು ಬಾ.

ನನಗೆ 25ಕ್ಕೆ ಹಗಲು ಡ್ಯೂಟಿ, ಎಂಟಕ್ಕೆ ಮನೆಗೆ ಬರುತ್ತೇನೆ. ಅವತ್ತು ರಾತ್ರಿ ಒಂಬತ್ತಕ್ಕೆ ಇಲ್ಲೇ ಬರೆಯುತ್ತೇನೆ, ನೀನೂ ಏನು ಅಡುಗೆ ಮಾಡಿದೆ ಅಂತ ಬರಿ.


ಏಳು ಗುಡ್ಡ:

ನಾನು ಇಲ್ಲೇ ಇರುತ್ತೇನೆ, ಹೆಂಡತಿಯೂ ಇದ್ದಾಳೆ. ಹಾಸನ, ಗದಗದ ಇಬ್ಬರು ಹುಡುಗಿಯರು ಬರುತ್ತೇವೆ ಅಂದಿದ್ದಾರೆ. ಮಧ್ಯಾಹ್ನ ಊಟ ನಮ್ಮಲ್ಲಿ. ಬಸ್ಸು ಇರುವುದಿಲ್ಲ, ನಡೆದೇ ಬರಬೇಕು, ಗುಡ್ಡ ಹತ್ತಬೇಕು. ವಿಳಾಸ ಮೆಸೇಜ್‌ನಲ್ಲಿ ಕಳಿಸುತ್ತೇನೆ. ಅದಕ್ಕೂ ಮುಂಚೆ ಒಂದು ಸಲ ವಿಂಟರ್ ಗಾರ್ಡನ್‌ನಲ್ಲಿ ಎಲ್ಲರೂ ಸೇರೋಣ, ಹೆಂಡತಿಯೂ ಬರುತ್ತಾಳೆ. ರಾಯಚೂರಿನ ತಮ್ಮ ಯಾವ ಊರಲ್ಲಿದ್ದಾನೆ ಗೊತ್ತಿಲ್ಲ, ಹತ್ತಿರ ಇದ್ದರೆ ಅವನೂ ಬರಲಿ.